ಟಾರು ಶುರುವಾಗುವವರೆಗೆ

ಹೊಸ ಟೈರಿನ ವಾಸನೆ ನಿಮಗೆ ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಅದು ಮೂಗಿಗೆ ಬಿದ್ದರೆ ಬದನೆಕಾಯಿ ಹುಳಿ ನೆನಪಾಗುತ್ತದೆ. ರಬ್ಬರಿಗೂ ಹುಳಿಗೂ ಏನು ಸಂಬಂಧ ಎಂದು ಈಗಲೇ ಕೇಳಬೇಡಿ, ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಹೋದ ತಿಂಗಳು ಜೆ.ಪಿ. ನಗರದ ಒಂದು ಸೈಕಲ್ ಅಂಗಡಿಗೆ ಹೋಗಿದ್ದೆ. ವಯಸ್ಸಾದ ಮೇಲೆ ಸೈಕಲ್ ಹೊಡೆಯುವ ಚಪಲ ಹತ್ತಿಸಿಕೊಂಡವರ ಪೈಕಿ ನಾನೂ ಒಬ್ಬಳು. ಪಕ್ಕದ ಮನೆಯವರು ನನ್ನ ಹೆಲ್ಮೆಟ್ಟು ನೋಡಿ ನಗುವುದನ್ನು ನೋಡಿಯೂ ನೋಡದ ಹಾಗೆ ಗೇಟು ದಾಟುತ್ತೇನೆ. ಟೈರು ಸವೆದಿತ್ತು, ಬದಲಾಯಿಸಬೇಕಿತ್ತು. ಅಂಗಡಿಯವನು ಗೋಡೆಗೆ ನೇತುಹಾಕಿದ್ದ ಸಾಲುಸಾಲು ಟೈರುಗಳನ್ನು ತೋರಿಸಿ, "ಮೇಡಂ, ಎಷ್ಟು ಪರ್ಸೆಂಟ್ ರೋಡು, ಎಷ್ಟು ಪರ್ಸೆಂಟ್ ಜಲ್ಲಿ?" ಎಂದ. ಇದೇ ಪ್ರಶ್ನೆಗೆ ಒಂದು ಕಾಲದಲ್ಲಿ ನನ್ನ ಪರವಾಗಿ ಅಪ್ಪ ಉತ್ತರ ಕೊಟ್ಟಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಹನುಮಂತನಗರದಲ್ಲಿದ್ದೆವು. ನಾನು ಡಿಗ್ರಿ ಓದುತ್ತಿದ್ದೆ. ನನ್ನ ಅಕ್ಕ ತನ್ನ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಸಿದ್ದರಾಜು ಎಂಬವರನ್ನು ರಿಜಿಸ್ಟರ್ ಮದುವೆಯಾಗಿ ಕುಮಾರಸ್ವಾಮಿ ಲೇಔಟಿನ ತುದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಭಾವನದು ಕತ್ರಿಗುಪ್ಪೆಯ ಹಳೇ ಊರು. ಅವರ ತಂದೆಯ ಕಾಲಕ್ಕೇ ಬೌದ್ಧರಾದ ಮನೆತನ. ನಮ್ಮದು ಏಕಾದಶಿ, ಮಡಿ, ಪಂಚಾಂಗಗಳ ಮನೆ. ಅಪ್ಪ ಕೂಗಾಡಲಿಲ್ಲ, ಅಕ್ಕನನ್ನು ಬಯ್ಯಲೂ ಇಲ್ಲ. ಅವಳ ಹೆಸರು ಹೇಳುವುದನ್ನು ನಿಲ್ಲಿಸಿಬಿಟ್ಟರು, ಅಷ್ಟೆ. ಅವರು ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು. ಅಮ್ಮನಿಗೆ ಮಗಳ ಮನೆ ನೋಡುವ ಆಸೆ ಬಹಳವಿತ್ತು. ಆದರೆ ಗಂಡನನ್ನು ಬಿಟ್ಟು ತಾನು ಮೊದಲು ಹೋಗುವುದು ಅವಳಿಂದಾಗದು. "ಅವ್ರು ಒಂದ್ಸಲ ಒಳಗೆ ಕಾಲಿಡ್ಲಿ, ಮಾರನೇ ದಿನವೇ ನಾನು ಹೋಗ್ತೀನಿ" ಎನ್ನುತ್ತಿದ್ದಳು. ಹೊಸ ಮನೆಗೆಂದು ಒಂದು ಸೀರೆ, ಕುಂಕುಮದ ಭರಣಿ ಚೀಲದಲ್ಲಿ ಹಾಕಿಟ್ಟು ಬೀರುವಿನ ಕೆಳಗೆ ತಳ್ಳಿದ್ದಳು.

ಅಲ್ಲಿಯವರೆಗೆ ಎರಡೂ ಮನೆಗಳ ನಡುವೆ ಓಡಾಡುತ್ತಿದ್ದದ್ದು ನನ್ನ ಸೈಕಲ್ಲು. ಆಗ ಹೊಸದಾಗಿ ಬಂದಿದ್ದ, ದಪ್ಪ ಚಕ್ರದ, ನೇರ ಹ್ಯಾಂಡಲಿನ ಮೌಂಟನ್ ಬೈಕು ಅದು. ಹೆಸರಿಗೆ ಬೆಟ್ಟದ ಸೈಕಲ್ಲಾದರೂ ಅದು ಕಂಡ ಬೆಟ್ಟವೆಂದರೆ ನಮ್ಮ ದೇವಸ್ಥಾನದ ಗುಡ್ಡವೊಂದೇ. ಭಾನುವಾರ ಬೆಳಗ್ಗೆ ಅಮ್ಮ ಟಿಫನ್ ಕ್ಯಾರಿಯರಿನಲ್ಲಿ ಹುಳಿ, ಪಲ್ಯ ತುಂಬಿ ಕೊಟ್ಟು, "ಫ್ರೆಂಡ್ ಮನೆಗೆ ಹೋಗ್ಬಾ" ಎಂದು ಅಪ್ಪನಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಪ್ರತಿ ವಾರ ಹುಳಿ ತಿನ್ನುವ ಆ ಫ್ರೆಂಡ್ ಯಾರು ಎಂದು ಅಪ್ಪ ಕೇಳುತ್ತಿರಲಿಲ್ಲ. ಬನಶಂಕರಿ ದಾಟುವವರೆಗೆ ದಾರಿ ಚೆನ್ನಾಗಿತ್ತು. ಲೇಔಟಿನೊಳಗೆ, ನೀರಿನ ಟ್ಯಾಂಕ್ ಕಳೆದ ಮೇಲೆ ಟಾರು ಮುಗಿದು ಜಲ್ಲಿ ಶುರುವಾಗುತ್ತಿತ್ತು. ಟಾರು ಹಾಕಲೆಂದು ಜಲ್ಲಿ ಹರವಿದವರು ಅದನ್ನು ಮರೆತೇಹೋಗಿದ್ದರು. ಮಧ್ಯೆ ಪೈಪಿಗೆಂದು ಅಗೆದರು, ಮುಚ್ಚಿದರು, ಮತ್ತೆ ಜಲ್ಲಿ ಸುರಿದರು. ಅಕ್ಕನ ಮನೆಗೆ ಎಡಕ್ಕೆ ತಿರುಗುವ ಮೂಲೆಯಲ್ಲಿ ಒಂದು ಭಾನುವಾರ ನಾನು ಸೈಕಲ್ ಸಮೇತ ಜಾರಿ ಬಿದ್ದೆ. ಬದನೆಕಾಯಿ ಹುಳಿಯೆಲ್ಲ ನನ್ನ ಚೂಡಿದಾರಿನ ಪಾಲಾಯಿತು. ಮನೆಗೆ ಕುಂಟುತ್ತ ಬಂದೆ. ಅಮ್ಮ ಗಾಯಕ್ಕೆ ಅರಿಶಿನ ಹಚ್ಚಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಎಲ್ಲಿ ಬಿದ್ದೆ ಎಂದೂ ಕೇಳಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೇ ಸಂಜೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು, "ಸೈಕಲ್ ತಗೋ, ಟೈರ್ ಬದಲಾಯಿಸ್ಕೊಂಡು ಬರೋಣ" ಎಂದರು. ಸೈಕಲ್ ಅಂಗಡಿ ಹತ್ತಿರದಲ್ಲೇ ಇತ್ತು. ಅಂಗಡಿಯ ಸಾಬರು ಮೊದಲು ಮೈತುಂಬ ಗುಬುಟುಗಳಿದ್ದ ಟೈರು ತೋರಿಸಿದರು. ಬಟನ್ ಟೈರು ಎನ್ನುತ್ತಿದ್ದರು ಅದಕ್ಕೆ. ಅದು ಟಾರಿನ ಮೇಲೆ ಗುಂಯ್ ಎಂದು ಸದ್ದು ಮಾಡುತ್ತದೆ, ತುಳಿದು ತುಳಿದು ಮಗುವಿನ ಕಾಲು ಬಿದ್ದುಹೋಗುತ್ತದೆ ಎಂದು ಅಪ್ಪ ಬೇಡವೆಂದರು. ನುಣುಪಾದದ್ದನ್ನು ಮುಟ್ಟಲೂ ಇಲ್ಲ. ಸಾಬರಿಗೆ ತಾಳ್ಮೆ ತಪ್ಪುತ್ತಿತ್ತೋ ಏನೋ, ಅಷ್ಟಕ್ಕೂ ಸೈಕಲ್ ಓಡಿಸುವುದೆಲ್ಲಿ ಎಂದು ಕೇಳಿದರು. ಏನು ಸುಳ್ಳು ಹೇಳಲಿ ಎಂದು ಹುಡುಕುತ್ತಿದ್ದೆ.

ಅಪ್ಪ ಟೈರಿನ ಮೇಲೆ ಬೆರಳಾಡಿಸುತ್ತಲೇ ಹೇಳಿದರು: "ಮುಕ್ಕಾಲು ದಾರಿ ಟಾರು. ನೀರಿನ ಟ್ಯಾಂಕ್ ಆದ್ಮೇಲೆ ಪೂರ್ತಿ ಜಲ್ಲಿ. ಎಡಕ್ಕೆ ತಿರುಗೋ ಮೂಲೇಲಿ ಜಲ್ಲಿ ಮೇಲೆ ಮರಳೂ ಇದೆ, ಅಲ್ಲೇ ಜಾರೋದು."

ಆ ಮೂಲೆಯ ವಿಷಯ ನಾನು ಅಮ್ಮನಿಗೂ ಹೇಳಿರಲಿಲ್ಲ. ಸಂಜೆಯ ವಾಕಿಂಗ್ ಎಂದು ಹೋದ ಅಪ್ಪ ಈಚೆಗೆ ತಡವಾಗಿ ಬರುತ್ತಿದ್ದದ್ದು, ಅವರ ಚಪ್ಪಲಿಗೆ ಮೆತ್ತಿರುತ್ತಿದ್ದ ಬಿಳೀ ಧೂಳು, ಎಲ್ಲ ಒಟ್ಟಿಗೆ ನೆನಪಾಯಿತು. ಎಷ್ಟು ಸಂಜೆ ಆ ಮೂಲೆಯವರೆಗೆ ಹೋಗಿ, ಮಗಳ ಮನೆಯ ದೀಪ ನೋಡಿ ಹಿಂದಿರುಗಿದ್ದರೋ ದೇವರೇ ಬಲ್ಲ. ಕೊನೆಗೆ ನಡುವೆ ನುಣುಪಾದ ಪಟ್ಟಿ, ಎರಡೂ ಅಂಚಿಗೆ ಗುಬುಟುಗಳಿದ್ದ ಟೈರು ಆಯ್ದರು. ಟಾರಿನ ಮೇಲೆ ನಡುಭಾಗ ಓಡುತ್ತದೆ, ಜಲ್ಲಿಯಲ್ಲಿ ಅಂಚು ಹಿಡಿದುಕೊಳ್ಳುತ್ತದೆ ಎಂದು ಸಾಬರಿಗೇ ಪಾಠ ಹೇಳಿದರು. ಬರುವಾಗ ದಾರಿಯುದ್ದಕ್ಕೂ ಹೊಸ ರಬ್ಬರಿನ ವಾಸನೆ ನಮ್ಮ ಜೊತೆಗೆ ಬಂತು.

ಸ್ವಲ್ಪ ದಿನಕ್ಕೆ ನನಗೆ ಜ್ವರ ಬಂತು. ಭಾನುವಾರ ಅಮ್ಮ ಕ್ಯಾರಿಯರ್ ತುಂಬಿಟ್ಟು ಏನು ಮಾಡಲಿ ಎಂದು ನಿಂತಿದ್ದಳು. ಅಪ್ಪ ಬಂದು ಅದನ್ನು ಎತ್ತಿಕೊಂಡರು, ನನ್ನ ಸೈಕಲ್ ಹತ್ತಿಕೊಂಡು ಹೊರಟುಹೋದರು. ಮುಂದಿನದು ಅಕ್ಕ ಹೇಳಿದ್ದು. ಗೇಟಿನ ಹೊರಗೆ ಬೆಲ್ಲು ಕೇಳಿ, ನಾನು ಬಂದೆನೆಂದುಕೊಂಡು ಭಾವ ಬನಿಯನ್ನಿನಲ್ಲೇ ಬಂದರಂತೆ. ಅಪ್ಪನನ್ನು ಕಂಡು ಒಳಗೆ ಓಡಿ ಅಂಗಿ ಹಾಕಿಕೊಳ್ಳಬೇಕೋ ಅಲ್ಲೇ ನಿಲ್ಲಬೇಕೋ ತಿಳಿಯದೆ ಗೇಟು ಹಿಡಿದುಕೊಂಡು ನಿಂತರಂತೆ. ಅಪ್ಪ ಕ್ಯಾರಿಯರನ್ನು ಗೇಟಿಗೆ ನೇತುಹಾಕಿ, "ಟೈರ್ ಹೇಗಿದೆ ನೋಡೋಣ ಅಂತ ಬಂದೆ" ಎಂದರು.

ಪುಣ್ಯಕ್ಕೆ ಭಾವನಿಗೆ ಆ ಮಾತು ಹಿಡಿಯಿತು. ಕುಕ್ಕರುಗಾಲಲ್ಲಿ ಕುಳಿತು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಾಳಿ ಹೆಚ್ಚಾಗಿದೆ, ಜಲ್ಲಿಗೆ ಒಂದಿಷ್ಟು ಕಡಿಮೆ ಇರಬೇಕು ಎಂದರಂತೆ. ಕಡಿಮೆ ಮಾಡಿದರೆ ಟಾರಿನ ಮೇಲೆ ಎಳೆಯುತ್ತದೆ ಎಂದು ಅಪ್ಪ. ಇಬ್ಬರಿಗೂ ಚೆನ್ನಾಗಿ ವಾದವಾಯಿತು. ಕೊನೆಗೆ ಭಾವ ಗಾಳಿ ಬಿಟ್ಟು, "ನಮ್ಮನೇಲಿ ಪಂಪಿದೆ ಸಾರ್. ಟಾರು ಶುರು ಆಗೋವರೆಗೂ ಬರ್ತೀನಿ, ಅಲ್ಲಿ ತುಂಬಿಸ್ಕೊಡ್ತೀನಿ" ಎಂದರು. ಅಕ್ಕ ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಗೇಟಿನಲ್ಲಿ ಯಾರೂ ಇಲ್ಲ. ಜಲ್ಲಿ ದಾರಿಯಲ್ಲಿ ಅಪ್ಪ ಸೈಕಲ್ ತಳ್ಳಿಕೊಂಡು, ಪಕ್ಕದಲ್ಲಿ ಭಾವ ಹೆಗಲಿಗೆ ಪಂಪು ಹೊತ್ತುಕೊಂಡು ಹೋಗುತ್ತಿದ್ದರು. ಅವಳು ಲೋಟ ಹಿಡಿದುಕೊಂಡು ಅಲ್ಲೇ ಅತ್ತಳಂತೆ.

ಆಮೇಲೆ ಭಾನುವಾರಗಳು ಅಪ್ಪನವಾದವು. ನನ್ನ ಸೈಕಲ್ಲು ನನಗೆ ವಾರದ ದಿನಗಳಲ್ಲಿ ಮಾತ್ರ ಸಿಗುತ್ತಿತ್ತು. ಅಪ್ಪ ಗೇಟಿನ ಹೊರಗೇ ನಿಲ್ಲುವರು. ಅಕ್ಕ ಕೊಟ್ಟ ಕಾಫಿ ನಿಂತೇ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎನ್ನುವರು. ಭಾವನ ಜೊತೆ ಟಾರು ಶುರುವಾಗುವವರೆಗೆ ನಡೆಯುವರು. ಅಷ್ಟು ದೂರ ಏನು ಮಾತಾಡುತ್ತಾರೆ ಎಂದು ಭಾವನನ್ನು ಕೇಳಿದರೆ, ಟೈರಿನ ವಿಷಯ ಎನ್ನುತ್ತಿದ್ದರು. ಗೇಟಿನೊಳಗೆ ಮಾತ್ರ ಅಪ್ಪ ಕಾಲಿಡಲಿಲ್ಲ. ಅಮ್ಮ ಪ್ರತಿ ಭಾನುವಾರ ಅವರ ಮುಖ ನೋಡುವಳು, ಕೇಳುವ ಧೈರ್ಯವಾಗದೆ ಒಳಗೆ ಹೋಗುವಳು. ಬೀರುವಿನ ಕೆಳಗಿನ ಚೀಲ ಅಲ್ಲೇ ಇತ್ತು.

ಹೀಗಿರುವಾಗ ರಸ್ತೆಯವರಿಗೆ ಇದ್ದಕ್ಕಿದ್ದಂತೆ ಜಲ್ಲಿಯ ನೆನಪು ಬಂದು, ಅಕ್ಕನ ಗೇಟಿನವರೆಗೂ ಟಾರು ಹಾಕಿಬಿಟ್ಟರು. ಬೀದಿಗೆಲ್ಲ ಸಂತೋಷ. ಅಕ್ಕ ಮಾತ್ರ ನನ್ನನ್ನು ಕರೆಸಿಕೊಂಡು, "ಇನ್ನು ಅಪ್ಪ ಯಾವ ನೆಪಕ್ಕೆ ಬರ್ತಾರೆ ಹೇಳು" ಎಂದಳು. ಆ ಭಾನುವಾರ ನಾನೂ ಬಸ್ಸು ಹಿಡಿದು ಅಲ್ಲಿಗೆ ಹೋಗಿದ್ದೆ. ಅಪ್ಪ ಬಂದರು. ಕಪ್ಪಗೆ ಹೊಳೆಯುವ ರಸ್ತೆಯ ಮೇಲೆ ಸದ್ದಿಲ್ಲದೆ ಬಂದು ಗೇಟಿನಲ್ಲಿ ಇಳಿದರು. ಭಾವ ಅಭ್ಯಾಸಬಲದಿಂದ ಪಂಪು ಹಿಡಿದು ಬಂದವರು, ಅದನ್ನು ಎಲ್ಲಿ ಬಚ್ಚಿಡಲಿ ಎಂಬಂತೆ ನಿಂತಿದ್ದರು. ಅಪ್ಪ ಟೈರನ್ನು ಒತ್ತಿ ನೋಡಿದರು. ರಸ್ತೆ ನೋಡಿದರು. ಕಾಫಿ ಕುಡಿದರು, ಸಕ್ಕರೆಯ ಮಾತೆತ್ತಲಿಲ್ಲ. ಸೈಕಲ್ ತಿರುಗಿಸಿದರು. ಇನ್ನು ಮುಗಿಯಿತು ಎಂದುಕೊಂಡು ನಾನು ಅಕ್ಕನ ಕೈ ಹಿಡಿದುಕೊಂಡೆ.

"ಬಾರಪ್ಪ, ಟ್ಯಾಂಕಿನವರೆಗೂ ಹೋಗೋಣ" ಎಂದರು ಅಪ್ಪ.

"ಇನ್ನು ಪಂಪು ಬೇಕಾಗಲ್ಲ ಸಾರ್" ಎಂದರು ಭಾವ.

ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಭಾವನ ಕೈಯಿಂದ ಪಂಪು ತೆಗೆದುಕೊಂಡು, ಇದನ್ನಿಡುವುದೆಲ್ಲಿ ಎಂದು ಅಕ್ಕನನ್ನು ಕೇಳಿದರು. ಬಾಗಿಲ ಹಿಂದೆ ಎಂದಳು ಅಕ್ಕ. ಅಪ್ಪ ಗೇಟು ತೆರೆದು, ಚಪ್ಪಲಿ ಬಿಟ್ಟು, ಹೊಸಿಲು ದಾಟಿ ಒಳಗೆ ಹೋದರು. ಪಂಪನ್ನು ಬಾಗಿಲ ಹಿಂದೆ ಇಟ್ಟು, ಅದು ಜಾರದಂತೆ ಗೋಡೆಗೆ ಒರಗಿಸಿದರು. ಅದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಹೊರಗೆ ಬಂದು ಕಣ್ಣಿಗೆ ಟಾರಿನ ಹೊಗೆ ಹೋಯಿತು ಎಂದರು. ಟಾರು ಹಾಕಿ ಆಗಲೇ ನಾಲ್ಕೈದು ದಿನವಾಗಿತ್ತು. ಆಮೇಲೆ ಭಾವನ ಜೊತೆ ಟ್ಯಾಂಕಿನವರೆಗೆ ನಡೆದರು. ಮಾರನೇ ದಿನ ಅಮ್ಮ ಬೀರುವಿನ ಕೆಳಗಿನಿಂದ ಚೀಲ ಎಳೆದಳು, ಆಟೋ ತರಲು ನನ್ನನ್ನು ಓಡಿಸಿದಳು.

ಅಪ್ಪ, ಅಮ್ಮ ಇಬ್ಬರೂ ಈಗಿಲ್ಲ. ಎಲ್ಲ ಕಡೆ ಟಾರು ಬಂದಿದೆ, ನನಗೆ ಆ ಜಲ್ಲಿ ದಾರಿ ಬೇಕೆನ್ನಿಸುತ್ತದೆ. ನಿಮಗೆ ಹುಚ್ಚು ಎನ್ನಿಸಬಹುದು. ಅಂಗಡಿಯವನಿಗೂ ಹಾಗೇ ಅನ್ನಿಸಿರಬೇಕು. ಸಿಟಿಯೊಳಗೇ ಓಡಿಸುವುದಾದರೆ ನುಣುಪು ಟೈರೇ ಸಾಕು ಎಂದು ಅವನು ಎಷ್ಟು ಹೇಳಿದರೂ ಕೇಳದೆ, ನಡುವೆ ಪಟ್ಟಿ, ಅಂಚಿಗೆ ಗುಬುಟು ಇರುವುದನ್ನೇ ಹಾಕಿಸಿಕೊಂಡೆ. ಅಲ್ಲಿಂದ ನೇರವಾಗಿ ಸೈಕಲ್ಲಿನಲ್ಲೇ ಅಕ್ಕನ ಮನೆಗೆ ಹೋದೆ. ಆ ಮನೆಯನ್ನೇ ಅವರು ಕೊಂಡುಕೊಂಡಿದ್ದಾರೆ. ಕಾರಿನಲ್ಲಿ ಹೋಗಿ, ಗೇಟಿನಲ್ಲೇ ಇಳಿದು, ಗೇಟಿನಲ್ಲೇ ಹತ್ತಿ ಬರುವುದು ನನಗೆ ಅಭ್ಯಾಸವಾಗಿಹೋಗಿತ್ತು. ರಿಟೈರಾಗಿ ಮಂಡಿನೋವಿನಲ್ಲಿರುವ ಭಾವ ಗೇಟು ಹಿಡಿದುಕೊಂಡು ಬಗ್ಗಿ, ನನ್ನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಗಾಳಿ ಹೆಚ್ಚಾಯಿತು ಎಂದರು. ಬಾಗಿಲ ಹಿಂದೆ ಪಂಪು ಈಗಲೂ ಇದೆ. ಅದರ ರಬ್ಬರ್ ಪೈಪು ಬಿರಿದು ಎಷ್ಟೋ ಕಾಲವಾಗಿದೆ.

ಸಂಜೆ ಹೊರಟಾಗ ಭಾವ ಚಪ್ಪಲಿ ಮೆಟ್ಟಿಕೊಂಡರು. ಬೇಡ ಎಂದರೂ ಕೇಳಲಿಲ್ಲ. ನಾನು ಸೈಕಲ್ ತಳ್ಳಿಕೊಂಡು, ಅವರು ಪಕ್ಕದಲ್ಲಿ ನಿಧಾನವಾಗಿ, ಎಡಕ್ಕೆ ತಿರುಗುವ ಮೂಲೆ ದಾಟಿ, ನೀರಿನ ಟ್ಯಾಂಕಿನವರೆಗೆ ನಡೆದೆವು. ದಾರಿಯಲ್ಲಿ ಟೈರಿನ ವಿಷಯ ಮಾತಾಡಿದೆವು. ಟ್ಯಾಂಕಿನ ಎದುರು, ಈಗ ಮೆಡಿಕಲ್ ಸ್ಟೋರ್ ಇರುವ ಕಡೆ ಭಾವ ನಿಂತರು. ಹಿಂದೆಯೂ ಮುಂದೆಯೂ ಒಂದೇ ಕಪ್ಪು ರಸ್ತೆ.

"ಇಲ್ಲಿಂದ ಟಾರು, ಇನ್ನು ಹತ್ಕೋಮ್ಮ" ಎಂದರು.