ಚರ್ಚಿನೊಳಗೆ ಅವ್ವನನ್ನು ಕರೆದವರು

ಪಣಜಿಯ ಹಳೆಯ ಪೇಟೆಯ ಆ ಪುಟ್ಟ ಚರ್ಚನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಚರ್ಚಿನ ತಪ್ಪೇನೂ ಇಲ್ಲ. ಅಷ್ಟು ಚೆಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮದು ರಾಮದುರ್ಗದ ಕಡೆಯ ಹಳ್ಳಿ, ಕಟಕೋಳಕ್ಕೆ ಹತ್ತಿರ. ಊರವರೆಲ್ಲ ಸೇರಿ ಬಸ್ಸು ಗೊತ್ತು ಮಾಡಿಕೊಂಡು ಗೋವಾ ನೋಡಲು ಹೊರಟಿದ್ದೆವು. ಬಸ್ಸಿನಲ್ಲಿ ಜಾತಿ ಇರಲಿಲ್ಲ, ಸೀಟು ತುಂಬಬೇಕಿತ್ತು. ನಾನು ವಯರಿಂಗ್ ಕೆಲಸದವನು, ಅವರ ಮನೆಗಳಿಗೆಲ್ಲ ಬೆಳಕು ಹಾಕಿಕೊಟ್ಟವನು. ಆದರೆ ಊರ ಗುಡಿಯ ಹೊಸ್ತಿಲನ್ನು ನಮ್ಮ ಕೇರಿಯವರು ಯಾರೂ ದಾಟಿಲ್ಲ. ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾನೂನಿದೆ. ಬನ್ನಿ ಎಂದೂ ಹೇಳುವುದಿಲ್ಲ. ಆ ಸಿಟ್ಟಿಗೇ ಅಪ್ಪ ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ. ಅವ್ವ ಮಾತ್ರ ಇನ್ನೂ ಬೀದಿಯಲ್ಲೇ ನಿಂತು ಗುಡಿಗೆ ಕೈಮುಗಿಯುತ್ತಾಳೆ. ಸಾಯುವುದರೊಳಗೆ ಒಮ್ಮೆ ಒಳಗೆ ಹೋಗಿ ದೇವರ ಮುಖ ನೋಡಬೇಕೆಂಬುದು ಅವಳ ಆಸೆ.

ಚರ್ಚು ನಮ್ಮೂರ ಶಾಲೆಯ ಎರಡು ಕೋಣೆಯಷ್ಟೇ ಇತ್ತು. ಬರೋಕ್ ಶೈಲಿ ಎಂದ ಗೈಡ್. ಒಂದು ಗೇಣು ಜಾಗವನ್ನೂ ಖಾಲಿ ಬಿಟ್ಟಿರಲಿಲ್ಲ. ಹಗ್ಗದಂತೆ ಹೊಸೆದ ಕಂಬಗಳು, ಬಳ್ಳಿ, ಚಿಪ್ಪು, ಗುಂಡು ಕೆನ್ನೆಯ ರೆಕ್ಕೆ ಮಕ್ಕಳು, ಎಲ್ಲದಕ್ಕೂ ಬಂಗಾರದ ಲೇಪ. ಇಷ್ಟು ದೀಪಗಳಿಗೆ ವಯರು ಎಲ್ಲಿ ಅಡಗಿಸಿದ್ದಾರೆಂದು ನಾನು ಹುಡುಕುತ್ತ ನಿಂತೆ. ತಿರುಗಿ ನೋಡಿದರೆ ಅವ್ವ ಇಲ್ಲ. ಹೊರಗೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಬಿಸಿಲಲ್ಲಿ ನಿಂತು, ದೂರದಿಂದಲೇ ಕೈಮುಗಿಯುತ್ತಿದ್ದಳು. ಯಾರೂ ಅವಳನ್ನು ತಡೆದಿರಲಿಲ್ಲ, ರೂಢಿ ತಡೆದಿತ್ತು.

ನಾನು ಹೋಗಿ ಕರೆಯುವ ಮೊದಲೇ ನಮ್ಮೂರ ಗುಡಿಯ ಪಂಚರಲ್ಲಿ ಹಿರಿಯರಾದ ಯಜಮಾನರು ಬಾಗಿಲಿಗೆ ಬಂದರು.

“ಒಳಗ ಬಾ ಬೇ, ಅಂಜಬ್ಯಾಡ. ಇಲ್ಲಿ ಎಲ್ಲಾರೂ ಬರಬಹುದು.”

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ. ಕಟ್ಟಿದವರು ಯಾರೋ, ಬಾಗಿಲು ತೆರೆದಿಟ್ಟವರು ಯಾರೋ, ಔದಾರ್ಯ ಇವರದು. ತಮ್ಮ ಬಾಗಿಲಲ್ಲಿ ನಾಲಿಗೆ ಬಿದ್ದುಹೋಗುವವರಿಗೆ ಕಂಡವರ ಬಾಗಿಲಲ್ಲಿ ಎಷ್ಟು ಸಲೀಸಾಗಿ ಮಾತು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವ್ವನ ಮೇಲೆ. ಅವಳ ಮುಖ ಅರಳಿತ್ತು.

ಅವ್ವ ಮುಂದಿನ ಬೆಂಚಿನಲ್ಲಿ ಬಹಳ ಹೊತ್ತು ಕೂತಳು. ಇವರಲ್ಲಿ ಭೇದಭಾವವೇ ಇಲ್ಲ ನೋಡಿ ಎಂದು ಯಜಮಾನರು ಹಿಂದೆ ನಿಂತು ಎಲ್ಲರಿಗೂ ಹೇಳುತ್ತಿದ್ದರು. ಅವರ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು. ಆ ಕಣ್ಣೀರನ್ನು ನನ್ನಿಂದ ಸಹಿಸಲಾಗಲಿಲ್ಲ, ಹೊರಗೆ ಬಂದೆ.

ಊರಿಗೆ ಮರಳಿದ ಮೇಲಿನ ಸೋಮವಾರ ಅವ್ವ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಕಾಯಿ ಹಿಡಿದು ಹೊರಟಳು. ಎಲ್ಲಿಗೆ ಎಂದೆ. ಅಲ್ಲಿ ಅಷ್ಟು ಪ್ರೀತಿಯಿಂದ ಕರೆದವರು ಇಲ್ಲಿ ಕರೆಯದೆ ಇರುತ್ತಾರೆಯೇ ಎಂದಳು. ಬೇಡವೆಂದು ಜಗಳವಾಡಿದೆ. ಕೇಳದಿದ್ದಾಗ ಹಿಂದೆಯೇ ಹೋದೆ.

ಯಜಮಾನರು ಗುಡಿಯ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಅವ್ವ ಮೆಟ್ಟಿಲ ಕೆಳಗೆ ನಿಂತಳು. ಅವರು ತಲೆಯೆತ್ತಿ ಅವಳನ್ನು ನೋಡಿದರು, ಕೈಯಲ್ಲಿದ್ದ ಕಾಯಿಯನ್ನೂ ನೋಡಿದರು. ಆಮೇಲೆ ಹಾಳೆ ತಿರುಗಿಸಿದರು. ನಾನು ಬಾಯಿ ತೆರೆಯಲು ಹೋದರೆ ಅವ್ವ ಸುಮ್ಮನಿರೆಂದು ಕೈಸನ್ನೆ ಮಾಡಿದಳು. ಅವರು ಪೇಪರನ್ನು ಕೊನೆಯ ಪುಟದವರೆಗೂ ಓದಿದರು, ಮಡಚಿ ಕಂಕುಳಲ್ಲಿಟ್ಟುಕೊಂಡು ಗುಡಿಯೊಳಗೆ ಹೋದರು.

ಮನೆಗೆ ಬಂದು ಅವ್ವ ಆ ಕಾಯಿಯನ್ನು ಒಡೆದು ಚಟ್ನಿಗೆ ತುರಿಯುತ್ತ ಕೂತಳು.

“ಬಿಸಲಾಗ ಅವರಿಗೆ ನನ್ನ ಗುರ್ತ ಹತ್ತಲಿಲ್ಲ ಕಾಣತೈತಿ,” ಎಂದಳು.

ನಲವತ್ತು ವರ್ಷ ಅವರ ಹೊಲದಲ್ಲಿ, ಅವರ ಕಣ್ಣೆದುರಿಗೇ, ಬಿಸಿಲಲ್ಲೇ ಕಳೆ ಕಿತ್ತವಳು ನನ್ನವ್ವ.