ಬಾಡಿಗೆ ಮನೆಯಲ್ಲಿ ಉಕ್ಕಿದ ಹಾಲು

ಸುಧಾಕರಣ್ಣನಿಗೆ ಈ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ಒಂದೇ ವಸ್ತುವಿನ ಮೇಲೆ, ಅದು ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆ ಹಚ್ಚುವ ಲ್ಯಾಕ್ಟೋಮೀಟರ್. ದಿಲ್ಲಿಯ ಪೀತಮ್‌ಪುರದ ಉಡುಪಿ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ಉಗ್ರಾಣ ನೋಡಿಕೊಂಡವರು. ದಿನಾ ಬೆಳಿಗ್ಗೆ ಅದನ್ನು ಹಾಲಿಗೆ ಇಳಿಬಿಟ್ಟು, ಹಾಲಿನವನ ಮುಖವನ್ನೂ ಒಮ್ಮೆ ನೋಡುತ್ತಿದ್ದರು. ತೆಂಗಿನಕಾಯಿ ಅಲ್ಲಾಡಿಸದೆ ಒಳಗೆ ಬಿಟ್ಟವರಲ್ಲ, ಕಾಗದ ಮೂರು ಸಲ ಓದದೆ ಸಹಿ ಹಾಕಿದವರಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೇ ಸಂಬಳ ತೆಗೆದುಕೊಂಡವರು ನಾನು ಕಂಡಂತೆ ಅವರೊಬ್ಬರೇ.

ಇದೇ ಗುಣದಿಂದ ಅವರಿಗೆ ಸ್ವಂತ ಮನೆ ಆಗಲಿಲ್ಲ. ಒಮ್ಮೆ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಎರಡು ಕೋಣೆಯ ಫ್ಲ್ಯಾಟ್ ಮಾರಾಟಕ್ಕೆ ಬಂದಿತ್ತು. ದಿಲ್ಲಿಯಲ್ಲಿ ಆಗ ಎಷ್ಟೋ ಮನೆಗಳು ರಿಜಿಸ್ಟ್ರಿ ಇಲ್ಲದೆ, ಬರೀ ಪವರ್ ಆಫ್ ಅಟಾರ್ನಿಯ ಮೇಲೆ ಕೈ ಬದಲಾಗುತ್ತಿದ್ದವು. ಸುಧಾಕರಣ್ಣ ಕಾಗದವನ್ನು ಮೂರು ಸಲ ಓದಿ ವಾಪಸು ಕೊಟ್ಟರು. ಜೊತೆಗಿದ್ದ ಅಡುಗೆಯ ಯೋಗೀಶ ಓದದೆಯೇ ಕೊಂಡ. ಇವತ್ತಿಗೂ ಅದೇ ಮನೆಯಲ್ಲಿದ್ದಾನೆ, ಗೋಡೆಗೆ ಬೇಕಾದಲ್ಲಿ ಮೊಳೆ ಹೊಡೆಯುತ್ತಾನೆ. ಆ ಮೊಳೆಯ ಮಾತನ್ನು ಸುಮಿತ್ರಕ್ಕ ವರ್ಷಕ್ಕೊಮ್ಮೆಯಾದರೂ ಗಂಡನಿಗೆ ನೆನಪಿಸುತ್ತಿದ್ದರು.

ಕಳೆದ ವರ್ಷ ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಬಿಲ್ಡರಿಗೆ ಕೊಟ್ಟರು. ಎಪ್ಪತ್ತೊಂದರ ವಯಸ್ಸಿನಲ್ಲಿ ಮತ್ತೆ ಮನೆ ಹುಡುಕಬೇಕಾಯಿತು. ಜನಕಪುರಿಯಲ್ಲಿರುವ ನಾನು ಊರ ಕಡೆಯ ಪರಿಚಯದಿಂದ ಅವರ ಜೊತೆ ಸುತ್ತಿದೆ. ಫೋನಿನಲ್ಲಿ ಎಲ್ಲರೂ ಬನ್ನಿ ಬನ್ನಿ ಎನ್ನುವವರೇ. ನರೆತ ತಲೆ ಕಂಡ ಕೂಡಲೇ, ಮನೆ ನಿನ್ನೆಯೇ ಹೋಯಿತಲ್ಲ ಎನ್ನುವರು. ಮುದುಕರು ಕಾಯಿಲೆ ಬಿದ್ದರೆ ನೋಡುವವರು ಯಾರು, ಸತ್ತರೆ ಮನೆಗೆ ಕೆಟ್ಟ ಹೆಸರು, ಸಾಯದಿದ್ದರೆ ಎಬ್ಬಿಸುವುದು ಹೇಗೆ? ಇದು ಅವರ ಯೋಚನೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಮಲ್ಹೋತ್ರಾ ಎಂಬವರು ತಮ್ಮ ಕೆಳಗಿನ ಮನೆ ಕೊಡಲು ಒಪ್ಪಿದರು. ಎಲ್ಲ ಕಡೆಯಂತೆ ಹನ್ನೊಂದು ತಿಂಗಳ ಕರಾರು. ಸುಧಾಕರಣ್ಣ ಅದನ್ನೂ ಮೂರು ಸಲ ಓದಿದರು. ಮಲ್ಹೋತ್ರಾ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಇವನು ಇಷ್ಟು ಓದುವುದು ಯಾಕೆ ಎಂಬ ಹುಳ ಅವರ ತಲೆಗೆ ಆಗಲೇ ಹೊಕ್ಕಿರಬೇಕು.

ಮನೆ ಸೇರಿದ ಬೆಳಿಗ್ಗೆ ಟೆಂಪೋದಿಂದ ಅರ್ಧ ಸಾಮಾನು ಇಳಿದಿತ್ತು. ಯಾವ ಮನೆ ಹೊಕ್ಕರೂ ನಮ್ಮವರು ಮಾಡುವಂತೆ ಸುಮಿತ್ರಕ್ಕ ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿ, ಒಲೆಯ ಮೇಲೆ ಹಾಲು ಉಕ್ಕಿಸಿದರು. ಮೇಲಿನವರಿಗೂ ಒಂದು ಲೋಟ ಕೊಡಲು ಹೊರಟಾಗ ಮಲ್ಹೋತ್ರಾ ತಾವೇ ಇಳಿದು ಬಂದರು. ತೋರಣ ನೋಡಿದರು, ಹೊಸಿಲು ನೋಡಿದರು. ಲೋಟ ಮುಟ್ಟಲಿಲ್ಲ.

“ಗೃಹಪ್ರವೇಶ್ ತೋ ಅಪ್ನೇ ಘರ್ ಕಾ ಹೋತಾ ಹೈ,” ಎಂದರು.

ಸ್ವಂತ ಮನೆಗೆ ಮಾಡುವುದನ್ನು ಬಾಡಿಗೆ ಮನೆಗೆ ಮಾಡುವವರು ಮನೆಯನ್ನೇ ಒಳಹಾಕಲು ಬಂದವರು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಹಿಂದಿನ ಬಾಡಿಗೆದಾರ ಅವರನ್ನು ಆರು ವರ್ಷ ಕೋರ್ಟಿಗೆ ಅಲೆಸಿದ್ದನಂತೆ. ಇದು ನಮ್ಮ ಕಡೆಯ ಪದ್ಧತಿ, ಮತ್ತೇನೂ ಇಲ್ಲ ಎಂದು ನಾನು ಬಾಯಿ ಒಣಗುವಷ್ಟು ಹೇಳಿದೆ. ಸಾಮಾನು ಇಳಿಸುವುದು ನಿಲ್ಲಲಿ ಎಂದು ಹೇಳಿ ಅವರು ಬ್ರೋಕರಿಗೆ ಫೋನು ಮಾಡಿದರು. ಹಳೆಯ ಮನೆಯ ಬೀಗದಕೈ ಹಿಂದಿನ ದಿನವೇ ಕೊಟ್ಟಾಗಿತ್ತು. ಈ ಮನೆ ತಪ್ಪಿದರೆ ಆ ಇಬ್ಬರಿಗೆ ಮಲಗಲು ಜಾಗವಿರಲಿಲ್ಲ.

ಸುಧಾಕರಣ್ಣ ಟೆಂಪೋಗೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದರು: “ಅವರು ನನ್ನ ಮುಖ ನೋಡಿದ್ದು ಕಂಡಿರಾ? ನಾನು ಹಾಲಿನವನನ್ನು ನೋಡ್ತಾ ಇದ್ದದ್ದು ಹೀಗೇ. ಪಾಪ, ಅವನು ಒಂದು ದಿನವೂ ನೀರು ಬೆರೆಸಿದವನಲ್ಲ.”

ಒಂದು ಗಂಟೆಯಲ್ಲಿ ಬ್ರೋಕರ್ ಸ್ಟ್ಯಾಂಪ್ ಪೇಪರ್ ತಂದ. ಮನೆಯ ಮೇಲೆ ಹಕ್ಕು ಕೇಳುವುದಿಲ್ಲ ಎಂಬ ಮುಚ್ಚಳಿಕೆಯಂತೆ, ಪುಟದ ತುಂಬ ಒತ್ತೊತ್ತಾದ ಹಿಂದಿ. ಸಹಿ ಹಾಕಿದರೆ ಇರಬಹುದು, ಇಲ್ಲವಾದರೆ ಟೆಂಪೋ ತಿರುಗಿಸಬಹುದು ಎಂದ.

ಸುಮಿತ್ರಕ್ಕ ಒದ್ದೆ ಬಟ್ಟೆಯಿಂದ ಹೊಸಿಲು ಒರೆಸುತ್ತಿದ್ದರು. ಅರಿಸಿನ ಪೂರ್ತಿ ಹೋಗಿರಲಿಲ್ಲ. “ಒಮ್ಮೆ ಓದಿ ನೋಡಿ,” ಎಂದರು.

ಕನ್ನಡಕ ಜೇಬಿನಲ್ಲೇ ಇತ್ತು. ಸುಧಾಕರಣ್ಣ ಓದದೆ ಸಹಿ ಹಾಕಿ, ಟೆಂಪೋದವನಿಗೆ ಮಂಚ ಇಳಿಸಲು ಹೇಳಿದರು.