ಬಾತ ಕಾಲಿನ ಕಾಲುಂಗುರ

ಬಾತದ್ದು ಅಜ್ಜಿಯ ಬಲಗಾಲು ಎಂದು ನನ್ನ ನೆನಪು ಹೇಳುತ್ತದೆ. ಆಗ ಬರೆದಿಟ್ಟ ಡೈರಿಯಲ್ಲಿ ಎಡಗಾಲು ಎಂದಿದೆ. ಡೈರಿಯನ್ನೇ ನಂಬುತ್ತೇನೆ, ಆದರೆ ಕಣ್ಣು ಮುಚ್ಚಿದರೆ ಕಾಣುವುದು ಬಲಗಾಲೇ.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಎರಡನೆಯ ಮಹಾಯುದ್ಧದ ಕಾಲ. ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆಂದು ಆಳಂದಕ್ಕೆ ಬಂದಿದ್ದೆ. ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡ ಆಯಿಗೆ ಸೊಲ್ಲಾಪುರದ ದವಾಖಾನೆಯೊಂದರಲ್ಲಿ ಕೊಯ್ದು ಉಕ್ಕಿನ ಮೊಳೆ ಕೂರಿಸಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದರು: ನೋವು ತಿಂಗಳುಗಟ್ಟಲೆ ಉಳಿಯಬಹುದು, ಕಾಲು ಬಾಯಬಹುದು, ಬಿಗಿಯಾದದ್ದೇನೂ ಹಾಕಬೇಡಿ. ಆಪರೇಷನ್ನಿಗೆ ಮೊದಲು ತೆಗೆದ ಕಾಲುಂಗುರಗಳನ್ನು ನರ್ಸು ಅರಿವೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟಿದ್ದಳು.

ಮನೆ ಸೇರಿದ ದಿನವೇ ಆಯಿ ಅವನ್ನು ಕೇಳಿದಳು. ಮುತ್ಯಾ, ಅಂದರೆ ಅಜ್ಜ, ಬದುಕಿರುವಾಗ ಬರಿ ಬೆರಳಲ್ಲಿ ಮಲಗುವುದು ಆಕೆಯಿಂದ ಆಗದ ಮಾತು. ಕುಸುಬಿ ಎಣ್ಣೆ ಹಚ್ಚಿ ತೊಡಿಸಿದವನು ನಾನೇ. ಡಾಕ್ಟರ ಮಾತು ಮರೆತಿದ್ದೆನೋ, ಬೆಳ್ಳಿಯುಂಗುರಕ್ಕೆ ಆ ಮಾತು ಅನ್ವಯಿಸುವುದಿಲ್ಲ ಎಂದುಕೊಂಡೆನೋ? ಆ ದಿನದ ಪುಟದಲ್ಲಿ ಸೊಲ್ಲಾಪುರದಿಂದ ಬರುವಾಗಿನ ಖಜೂರಿ ದಾರಿಯ ಧೂಳಿನ ವಿಷಯವಷ್ಟೇ ಇದೆ.

ನಾಲ್ಕನೆಯ ದಿನ ಬೆಳಗ್ಗೆ ಕಾಲು ಮೊಣಕಾಲಿನವರೆಗೆ ಬಾತಿತ್ತು. ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು. ಒಂದು ಬೆರಳು ನೇರಳೆ ಬಣ್ಣಕ್ಕೆ ತಿರುಗಿ, ಉಂಗುರ ಮಾಂಸದಲ್ಲಿ ಹುದುಗಿತ್ತು. ಎಣ್ಣೆಗೂ ಸಾಬೂನಿಗೂ ಅದು ಸರಿಯಲಿಲ್ಲ. ಬೆರಳು ಕೊಳೆತರೆ ಕಾಲು ಹೋಗುತ್ತದೆ, ಕಾಲು ಹೋದರೆ ಆಯಿ ಉಳಿಯುವುದಿಲ್ಲ. ಓಡಿಹೋಗಿ ಅಕ್ಕಸಾಲಿ ಪತ್ತಾರನನ್ನು ಕರೆತಂದೆ.

ಅವನ ಕತ್ತರಿ ಕಂಡದ್ದೇ ಆಯಿ ಕಾಲೆಳೆದುಕೊಳ್ಳಲು ಹೋಗಿ ನರಳಿದಳು. ನಮ್ಮಲ್ಲಿ ಕಾಲುಂಗುರ ಕಳಚುವುದು ಗಂಡ ಸತ್ತ ಮೇಲೆ.

"ದವಾಖಾನ್ಯಾಗ ತಗದಿದ್ರಲ್ಲ, ಆಯಿ," ಎಂದೆ.

"ಅಲ್ಲಿ ನನಗ ಎಚ್ಚರ ಇದ್ದಿಲ್ಲ. ಈಗ ಅದ. ಬೆರಳು ಹೋದ್ರ ಹೋಗ್ಲಿ, ಕತ್ತರಿ ಮುಟ್ಟಸಬ್ಯಾಡ."

ಮುತ್ಯಾ ಕಟ್ಟೆಯಿಂದ ಎದ್ದು ಬಂದು ಆಕೆಯ ಎದುರಿಗೇ ಕೂತ.

"ನನ್ನ ಮಾರಿ ನೋಡಕೋತ ಇರು. ನಾ ಸತ್ರ ಹೇಳು, ಅಂವ ಅಲ್ಲಿಗೇ ನಿಲ್ಲಸ್ತಾನ."

"ಬಾಯಿ ಮುಚ್ರಿ. ಎಂಥಾ ಮಾತು."

"ಮುಚ್ಚಿದ್ರ ಸತ್ತೆ ಅಂತ ತಿಳೀತಿ. ಅದಕ್ಕೇ ಮಾತಾಡಾಕತ್ತೇನಿ."

ಪತ್ತಾರ ಅರದಿಂದ ಉಜ್ಜಿ ಕತ್ತರಿ ಹಾಕಿದ. ಆಯಿ ಕಣ್ಣು ಮಿಟುಕಿಸದೆ ಮುತ್ಯಾನ ಮುಖವನ್ನೇ ನೋಡುತ್ತಿದ್ದಳು. ಉಂಗುರ ಟಕ್ ಎಂದು ಬಿಟ್ಟಾಗ ನಾನೂ ಮುತ್ಯಾನತ್ತ ತಿರುಗಿ ನೋಡಿದೆ. ಇದು ಡೈರಿಯಲ್ಲಿಲ್ಲ, ಆದರೂ ಖಾತ್ರಿ.

ಬೆರಳು ಉಳಿಯಿತು. ಬಾವು ಸಂಜೆಗೆ ಏರಿ ಬೆಳಗ್ಗೆ ಇಳಿಯುತ್ತಾ ಬಹಳ ದಿನ ಇತ್ತು. ಸೊಂಟದ ನೋವು ಬಿಡಲೇ ಇಲ್ಲ. ಆದರೆ ಆಯಿ ಅದರ ಮಾತೆತ್ತುವುದನ್ನು ನಿಲ್ಲಿಸಿದಳು. ಮಧ್ಯಾಹ್ನ ಮುತ್ಯಾ ಅಡ್ಡಾದರೆ ನನ್ನನ್ನು ಕರೆದು, "ಹೋಗಿ ನೋಡು, ಉಸಿರಾಡಾಕತ್ತಾರೇನು," ಎನ್ನುತ್ತಿದ್ದಳು. ಕಾಲೇಜು ಓದಿದವನು ನಾನು, ಹೋಗುತ್ತಿದ್ದೆ. ಮುತ್ಯಾ ಹೊದ್ದ ಧೋತರ ಒಮ್ಮೆ ಮೇಲೆದ್ದು ಇಳಿಯುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದೆ, ನನ್ನ ಉಸಿರು ಬಿಗಿಹಿಡಿದು.